ಎಣ್ಣೆ ಒಳಗದೆ

ಹನಕೆರೆ, ಮದ್ದೂರು

ನಾನು ಸಮುದ್ರ ದಾಟಿ ಬಂದವನು ಎಂದರೆ ನಮ್ಮ ಹನಕೆರೆಯಲ್ಲಿ ಅರ್ಧ ಜನ ನಂಬುವುದಿಲ್ಲ. ನಂಬುವ ಇನ್ನರ್ಧ ಜನ ಅಲ್ಲಿ ಏನು ನೋಡಿದೆ ಎಂದು ಕೇಳುತ್ತಾರೆ. ಒಂದು ಇಂಜಿನ್ನು ನೋಡಿದೆ ಎಂದರೆ ಅವರಿಗೂ ನಂಬಿಕೆ ಹೊರಟುಹೋಗುತ್ತದೆ. ಆದರೆ ಸತ್ಯ ಅದೇ. ಸಿಲೋನಿನಲ್ಲಿ ನಾನಿದ್ದದ್ದು ಹದಿನೇಳು ದಿನ. ಅದರಲ್ಲಿ ಹದಿಮೂರು ದಿನ ಒಂದು ತಗಡಿನ ಶೆಡ್ಡಿನಲ್ಲಿ, ಕತ್ತು ಮೇಲೆ ಮಾಡಿಕೊಂಡು, ಮೂಗಿನ ಮೇಲೆ ಎಣ್ಣೆ ಬೀಳಿಸಿಕೊಂಡು ಕಳೆದೆ. ಬುದ್ಧನ ಹಲ್ಲು ಇಟ್ಟಿರುವ ಗುಡಿ, ಆನೆಗಳ ಸ್ನಾನ, ಮುತ್ತು ತೆಗೆಯುವ ಕಡಲು ಇವುಗಳ ವಿಷಯ ಬೇಕಾದವರು ಬೇರೆ ಯಾರಾದರೂ ಬರೆದದ್ದನ್ನು ಹುಡುಕಿಕೊಳ್ಳಬೇಕು.

ನಾವು ಹೋದದ್ದು ಯುದ್ಧ ಮುಗಿದ ಮರುವರ್ಷ. ನಾವು ಎಂದರೆ ನಾನು ಮತ್ತು ಮದ್ದೂರಿನ ಖಾದರ್ ಸಾಬರು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಹೊರಗಿದ್ದ ಒಂದು ವಿಮಾನ ರಿಪೇರಿ ಶೆಡ್ಡಿನಲ್ಲಿ ಅವರು ಇಂಜಿನ್ ಮಿಸ್ತ್ರಿ, ನಾನು ಅವರ ಕೈಕೆಳಗಿನ ಫಿಟ್ಟರು. ಯುದ್ಧ ನಿಂತ ಮೇಲೆ ಶೆಡ್ಡಿಗೆ ಬೀಗ ಬಿತ್ತು. ಸಾಬರು ಮದ್ದೂರಿಗೆ ಹಿಂತಿರುಗಿ ಪೆಟ್ರೋಲಿನ ಬರಕ್ಕೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಮಳವಳ್ಳಿ ಬಸ್ಸುಗಳ ಒಲೆ ಕೆದಕುತ್ತ ಕೂತರು. ಹೆಂಡತಿ ಮಕ್ಕಳಿದ್ದ ನಾನು ಬೇರೆ ದಾರಿ ಕಾಣದೆ ಅವರ ಜೊತೆಗೇ ಸೇರಿಕೊಂಡೆ.

ಸಾಬರ ಮನಸ್ಸಿಗೆ ಬೀಗ ಬಿದ್ದದ್ದು ಇನ್ನೂ ಮುಂಚೆ. ಅವರು ನೋಡಿ, ಸರಿಯಿದೆ ಎಂದು ವಿಮಾನದ ಪುಸ್ತಕದಲ್ಲಿ ರುಜು ಹಾಕಿ ಕಳಿಸಿದ ಒಂದು ಸಣ್ಣ ವಿಮಾನ ಮೇಲೆ ಹೋದ ಹತ್ತು ನಿಮಿಷಕ್ಕೆ ಎಣ್ಣೆ ಕಾರಿ, ಹಾರಿಸುವವನ ಕಣ್ಣಿಗೆಲ್ಲ ಎರಚಿ, ರಾಗಿ ಹೊಲದಲ್ಲಿ ಬಂದು ಕೂತಿತು. ಯಾರೂ ಸಾಯಲಿಲ್ಲ, ಒಂದು ರೆಕ್ಕೆ ಮುರಿಯಿತು. ತಪ್ಪು ಸಾಬರ ಸ್ಪ್ಯಾನರಿನದೋ, ಅವರ ನಂತರ ಕೈ ಹಾಕಿದ ಇನ್ನೊಬ್ಬನದೋ ಕೊನೆಗೂ ತೀರ್ಮಾನವಾಗಲಿಲ್ಲ. ಆದರೆ ಮಾರನೆಯ ದಿನದಿಂದ ಸಾಬರು ರುಜು ಹಾಕುವಂತಿಲ್ಲ ಎಂದು ಆರ್ಡರಾಯಿತು. ಕೆಲಸ ಅವರು ಮಾಡುವುದು, ರುಜು ಇನ್ನೊಬ್ಬರು ಹಾಕುವುದು. ಈ ಸುದ್ದಿ ಅವರಿಗಿಂತ ಮುಂಚೆ ಮದ್ದೂರಿಗೆ ಬಂದಿತ್ತು. ಹೆಸರಿಡುವುದರಲ್ಲಿ ನಮ್ಮ ಕಡೆಯವರು ಎಂದೂ ಜಿಪುಣರಲ್ಲ. ‘ಸೋರೋ ಸಾಬ್ರು’ ಎಂದು ಕರೆದರು. ಬಸ್ ನಿಲ್ಲುವಲ್ಲಿ ಟೀ ಅಂಗಡಿ ಇಟ್ಟಿದ್ದ ಪುಟ್ಟೇಗೌಡ, ಸಾಬರು ಬಂದ ಕೂಡಲೆ ಒಳಕ್ಕೆ ಕೂಗಿ ಹೇಳುತ್ತಿದ್ದ.

“ಸೋರೋ ಸಾಬ್ರಿಗೊಂದ್ ಟೀ ಕೊಡ್ಲಾ. ಲೋಟ ನೋಡಿ ಕೊಡು.”

ಎಲ್ಲರ ಜೊತೆ ಸಾಬರೂ ನಗುತ್ತಿದ್ದರು. ನಕ್ಕ ಮೇಲೆ ಟೀ ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಿದ್ದರು.

ಹೀಗಿರುವಾಗ ಸಿಲೋನಿನಿಂದ ಸಾಬರ ಹೆಸರಿಗೆ ಒಂದು ಇಂಗ್ಲಿಷ್ ಕಾಗದ ಬಂತು. ಟೀ ತೋಟದ ದೊರೆಯೊಬ್ಬ ನಮ್ಮ ಶೆಡ್ಡಿನ ಹರಾಜಿನಲ್ಲಿ ಎರಡು ಸೀಟಿನ ವಿಮಾನ ಕೊಂಡಿದ್ದನಂತೆ. ಅದು ಈಗ ಎಣ್ಣೆ ಸೋರುತ್ತದೆ, ಇಲ್ಲಿಯವರು ಎರಡು ಸಲ ನೋಡಿಯೂ ಆಗಲಿಲ್ಲ, ಒಂದು ಪಿಸ್ಟನ್ನು, ರಿಂಗಿನ ಸೆಟ್ಟು, ಮುಚ್ಚಳಗಳ ಸಂದಿಗೆ ಕೂರಿಸುವ ಗ್ಯಾಸ್ಕೆಟ್ಟಿನ ಕಾಗದ ತೆಗೆದುಕೊಂಡು ಬನ್ನಿ ಎಂದು ಬರೆದಿದ್ದ. ಕೊನೆಯಲ್ಲಿ ಒಂದು ಮಾತಿತ್ತು. ಇಂಜಿನ್ನು ಬಿಚ್ಚಿ ಕಟ್ಟಿದವನೇ ಪುಸ್ತಕಕ್ಕೆ ರುಜು ಹಾಕಬೇಕು, ರುಜು ಹಾಕಿದವನು ಮೊದಲ ಹಾರಾಟದಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂರಬೇಕು, ಇದು ನನ್ನ ಪದ್ಧತಿ.

ಆ ಸಾಲನ್ನು ಸಾಬರು ನನ್ನ ಕೈಲಿ ಮೂರು ಸಲ ಓದಿಸಿದರು.

“ರುಜು ಅಂತ ಬರ್ದವ್ನಾ? ಸರ್ಯಾಗ್ ನೋಡ್ಲಾ ಗೌಡ.”

“ಬರ್ದವ್ನೆ ಸಾಬ್ರೆ. ಜೊತೆಗೆ ನೀವು ಮ್ಯಾಲಕ್ಕೂ ಓಗ್ಬೇಕಂತೆ.”

“ಅದಿರ್ಲಿ ಬುಡು. ರುಜು ಅಂತ ಅದೆ ತಾನೆ?”

ಆರು ವರ್ಷ ವಿಮಾನದ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ ಒಂದು ಗೇಣು ನೆಲ ಬಿಟ್ಟು ಮೇಲೆ ಹೋದವರಲ್ಲ. ಆದರೂ ಅವರಿಗೆ ಕಂಡದ್ದು ರುಜು ಒಂದೇ.

ನಾನು ರೈಲು ಹತ್ತಿದ್ದು ಹನಕೆರೆಯಲ್ಲಿ. ನಮ್ಮಪ್ಪ ರಾಗಿಹಿಟ್ಟಿನ ಚೀಲ ಹೊತ್ತುಕೊಂಡು ಸ್ಟೇಷನ್ನಿಗೆ ಬಂದಿದ್ದ. ಅವನು ನಮ್ಮೂರಿನ ನೀರಗಂಟಿ. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಕಾಲುವೆ ಏರಿ ಎಲ್ಲಿ ಜಿನುಗುತ್ತದೆ ಎಂದು ನೋಡಿಕೊಳ್ಳುವುದೇ ಅವನ ಕೆಲಸ.

“ಯಾತುಕ್ಲಾ ಓಯ್ತಿರದು ಅಷ್ಟ್ ದೂರ?” ಎಂದ.

“ಇಂಜಿನ್ನು ಎಣ್ಣೆ ಸೋರ್ತದಂತೆ ಕಣಪ್ಪ.”

“ಅಷ್ಟುಕ್ಕೆ ಸಮುದ್ರ ದಾಟ್ಬೇಕಾ? ಒದ್ದೆ ಇರೋ ತಾವ ತೂತಿರಕಿಲ್ಲ, ಮ್ಯಾಲಕ್ ನೋಡು ಅಂತ ಒಂದ್ ಕಾಗ್ದ ಬರ್ದಾಕು.”

ನಾನು ನಕ್ಕು ರೈಲು ಹತ್ತಿದೆ. ಓದಿದ ಮಕ್ಕಳಿಗೆ ಅಪ್ಪಂದಿರ ಮಾತು ಕೇಳಿ ನಗುವ ಚಾಳಿ ಇರುತ್ತದೆ, ಅದರ ಬಡ್ಡಿ ಆಮೇಲೆ ಕಟ್ಟಬೇಕಾಗುತ್ತದೆ.

ಧನುಷ್ಕೋಟಿ

ಮದ್ದೂರಿನಲ್ಲಿ ಸಾಬರು ಹತ್ತಿಕೊಂಡರು. ಎರಡು ಕಡೆ ರೈಲು ಬದಲಿಸಿ, ಮೈಯೆಲ್ಲ ಮಸಿ ಮಾಡಿಕೊಂಡು ಧನುಷ್ಕೋಟಿ ತಲುಪಿದೆವು. ನೆಲ ಅಲ್ಲಿಗೆ ಮುಗಿಯುತ್ತದೆ, ರೈಲಿನಿಂದ ಇಳಿದು ಹಡಗು ಹತ್ತಬೇಕು. ಹತ್ತುವ ಮುಂಚೆ ಒಬ್ಬ ಡಾಕ್ಟರು ನಾಲಗೆ ನೋಡಿದ, ಸುಂಕದ ಅಧಿಕಾರಿ ಗಂಟು ಮೂಟೆ ಬಿಚ್ಚಿಸಿದ. ಸಾಬರ ಹಾಸಿಗೆಯೊಳಗೆ ಲುಂಗಿಯಲ್ಲಿ ಸುತ್ತಿದ ಗಟ್ಟಿ ವಸ್ತು ಅವನ ಕೈಗೆ ಸಿಕ್ಕಿತು. ಏನಿದು ಎಂದು ಕೇಳಿದ.

“ಪಿಸ್ಟನ್ನು” ಎಂದರು ಸಾಬರು.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು ಪೊಲೀಸಿನವರನ್ನು ಕರೆದ. ಅವನ ಕಿವಿಗೆ ಪಿಸ್ತೂಲು ಎಂದು ಕೇಳಿಸಿತ್ತು. ನನಗೆ ತಮಿಳು ಬರುತ್ತದೆ ಎಂದು ದಾರಿಯುದ್ದಕ್ಕೂ ಸಾಬರ ಹತ್ತಿರ ಜಂಭ ಕೊಚ್ಚಿದ್ದೆ. ಬೆಂಗಳೂರಿನ ಕಾಫಿ ಹೋಟೆಲಿನಲ್ಲಿ ಕಲಿತ ತಮಿಳು. ಮುಂದೆ ಹೋಗಿ ನಾಲ್ಕು ಮಾತಾಡಿದೆ. ಆ ಅಧಿಕಾರಿ ತಮಿಳಿನವನೇ. ನನ್ನ ತಮಿಳು ಕೇಳಿ, ಮುಖ ಒಂದು ಥರ ಮಾಡಿಕೊಂಡು, ಇಂಗ್ಲಿಷಿಗೆ ತಿರುಗಿದ. ಲುಂಗಿ ಬಿಚ್ಚಿ ಪಿಸ್ಟನ್ನು ಹೊರಗೆ ತೆಗೆದಾಗ ಒಬ್ಬ ಪೊಲೀಸಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಳತೆಯ ಪಾವಾ ಎಂದು ಕೇಳಿದ. ಸಾಬರಿಗೆ ಪಿಸ್ತೂಲು ಎಂದಾಗ ಬಾರದ ಸಿಟ್ಟು ಪಾವು ಎಂದಾಗ ಬಂತು.

ಹಡಗಿನಲ್ಲಿ ಎಲ್ಲರೂ ಅಂಚಿನ ಕಂಬಿಗೆ ಒರಗಿ ಸಮುದ್ರ ನೋಡುತ್ತಿದ್ದರು. ಸಾಬರು ಇಂಜಿನ್ ಕೋಣೆಗೆ ಇಳಿಯುವ ಬಾಗಿಲ ಹತ್ತಿರ ಕೂತು, ಕಣ್ಣು ಮುಚ್ಚಿ, ಕೆಳಗಿನ ಸದ್ದು ಕೇಳುತ್ತಿದ್ದರು. ಎರಡು ಗಂಟೆ ಹಾಗೇ ಕೂತಿದ್ದು, ದಡ ಬಂದಾಗ ಎದ್ದು, “ಒಂದ್ ಬೇರಿಂಗ್ ಸವೆದದೆ” ಎಂದರು. ಸಮುದ್ರದ ಬಗ್ಗೆ ಅವರು ಆಡಿದ ಮಾತು ಅದೊಂದೇ.

ಶೆಡ್ಡಿನಲ್ಲಿ ಮೊದಲ ದಿನ

ತೋಟ ಬೆಟ್ಟದ ಮೇಲೆ. ಬೆಳಗ್ಗೆ ಮಂಜು, ಮಧ್ಯಾಹ್ನ ಮಳೆ, ನಡುವೆ ಜಿಗಣೆ. ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎಲೆ ಕೀಳುತ್ತಾರೆ. ಬುಟ್ಟಿಯ ಹಗ್ಗ ತಲೆಯ ಮೇಲೆ ಹಾದು ಬರುತ್ತದೆ, ಕೈ ಎರಡೂ ಖಾಲಿ. ನಮ್ಮ ಹೆಂಗಸರು ಹುಲ್ಲಿನ ಹೊರೆಗೆ ಒಂದು ಕೈ ಕೊಟ್ಟು ಸಾಯುತ್ತಾರಲ್ಲ, ಇದನ್ನು ಕಲಿಸಬೇಕು ಎಂದುಕೊಂಡೆ. ಊರಿಗೆ ಬಂದು ಹೇಳಿದೆ, ಮಂಗನ ಥರ ಕಾಣುತ್ತದೆ ಎಂದು ನನ್ನ ಹೆಂಡತಿ ಮಾತು ಮುಗಿಸಿದಳು. ಇನ್ನೊಂದು ವಿಚಿತ್ರ. ಊರು ತುಂಬ ಟೀ ಬೆಳೆಯುವ ಆ ಜನ ಕುಡಿಯುವ ಟೀಗೆ ಹಾಲಿಲ್ಲ, ಸಕ್ಕರೆಯಿಲ್ಲ. ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಒಂದು ಸಲ ನೆಕ್ಕಿ ಒಂದು ಗುಟುಕು ಕುಡಿಯುತ್ತಾರೆ. ಬೆಲ್ಲ ತಾಳೆಯದು. ನಮ್ಮ ಆಲೆಮನೆಯ ಬೆಲ್ಲ ತಿಂದ ನಾಲಗೆಗೆ ಅದು ಒಗ್ಗಲಿಲ್ಲ.

ತೋಟದ ಕೆಳಗೆ ಒಂದು ಹುಲ್ಲು ಬಯಲು, ಅದರ ಅಂಚಿಗೆ ತಗಡಿನ ಶೆಡ್ಡು, ಒಳಗೆ ವಿಮಾನ. ದೊರೆ ಕೈ ಕುಲುಕಿ, ಪುಸ್ತಕ ತೋರಿಸಿ, ಇನ್ನೊಂದು ತೋಟಕ್ಕೆ ಹೋಗಬೇಕು, ಎಂಟನೆಯ ದಿನ ಬರುತ್ತೇನೆ ಎಂದು ಹೊರಟುಹೋದ. ಶೆಡ್ಡಿನ ಕಾವಲುಗಾರ ಮುತ್ತಯ್ಯ ಉಳಿದ. ತೋಟದ ತಮಿಳರವನು, ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಎಲೆಯಡಿಕೆ. ಮೂರು ತಿಂಗಳಿಂದ ಆ ವಿಮಾನದ ಕೆಳಗೆ ತಟ್ಟೆ ಇಡುವುದು, ತುಂಬಿದ ತಟ್ಟೆ ಚೆಲ್ಲುವುದು ಅವನ ಕೆಲಸ.

ಈ ಇಂಜಿನ್ನಿನ ಬಗ್ಗೆ ಒಂದು ಮಾತು ಹೇಳಬೇಕು. ಇದು ತಲೆಕೆಳಗಾದ ಇಂಜಿನ್ನು. ಬಸ್ಸಿನ ಇಂಜಿನ್ನನ್ನು ಬೋರಲು ಹಾಕಿದಂತೆ, ಕ್ರ್ಯಾಂಕು ಮೇಲೆ, ಸಿಲಿಂಡರಿನ ತಲೆಗಳು ಕೆಳಗೆ. ಎಣ್ಣೆಗೆ ಇಳಿಯುವುದೇ ಬುದ್ಧಿ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಎಣ್ಣೆ ಸಿಲಿಂಡರಿನ ಒಳಗೇ ಇಳಿದು ತಲೆಯಲ್ಲಿ ನಿಲ್ಲುತ್ತದೆ. ಹಾಗೆ ನಿಂತದ್ದನ್ನು ನೋಡದೆ ಇಂಜಿನ್ನು ಶುರು ಮಾಡಿದರೆ ಪಿಸ್ಟನ್ನು ತಳ್ಳುವ ಕಡ್ಡಿ ಬಾಗುತ್ತದೆ. ಆದ್ದರಿಂದ ಹೊರಗೆ ಸೋರುವ ಎಣ್ಣೆಗಿಂತ ಒಳಗೆ ಸೋರುವ ಎಣ್ಣೆಗೆ ಮಿಸ್ತ್ರಿಗಳು ಹೆದರುತ್ತಾರೆ.

ನಾವು ಇಂಜಿನ್ನಿನ ಹೊದಿಕೆ ಬಿಚ್ಚಿದೆವು. ಮೇಲಿಂದ ಕೆಳಗಿನವರೆಗೆ ಎಲ್ಲ ಎಣ್ಣೆಮಯ. ಮುತ್ತಯ್ಯ ಹತ್ತಿರ ಬಂದು, ಬೆರಳು ತೋರಿಸಿ, ತಮಿಳಿನಲ್ಲಿ ಉದ್ದಕ್ಕೆ ಏನೋ ಹೇಳಿದ. ಅದರಲ್ಲಿ ಒಂದು ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಎಣ್ಣೈ ಒಳಗದೆ.

“ಏನಂತವ್ನೆ?” ಎಂದರು ಸಾಬರು.

“ಎಣ್ಣೆ ಒಳಗದೆ ಅಂತವ್ನೆ ಸಾಬ್ರೆ.”

“ಅಂಗಂದ್ನಾ? ಕೇಳ್ನೋಡು.”

ಕೇಳಿದೆ. ಮುತ್ತಯ್ಯ ಜೋರಾಗಿ ತಲೆಯಾಡಿಸಿ, ತಟ್ಟೆ ತೋರಿಸಿ, ಅದನ್ನೇ ಇನ್ನೊಮ್ಮೆ ಹೇಳಿದ. ನನಗಾದ ಸಂತೋಷ ಇಷ್ಟಷ್ಟಲ್ಲ. ಐದು ದಿನದಿಂದ ಸಾಬರ ಬಾಯಿ ಬಿಟ್ಟು ಬೇರೆಲ್ಲೂ ಕಿವಿಗೆ ಬೀಳದಿದ್ದ ನಮ್ಮ ಮಾತು. ಅದೂ ಬೆಂಗಳೂರಿನವರ ‘ಇದೆ’ ಅಲ್ಲ, ಮಂಡ್ಯದ ‘ಅದೆ’. ಇವನ ಅಜ್ಜನೋ ಮುತ್ತಜ್ಜನೋ ನಮ್ಮ ಕಡೆಯಿಂದ ಬಂದವನಿರಬೇಕು ಎಂದು ತೀರ್ಮಾನಿಸಿಬಿಟ್ಟೆ. ಸಾಬರು ವಿಮಾನದ ಮೂತಿಯ ಪಂಖವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ ಒಂದೊಂದು ಸಿಲಿಂಡರಿನ ಬಿಗಿ ನೋಡಿದರು. ರಿಂಗು ಸವೆದದ್ದು ಕೈಗೆ ಮೆತ್ತಗೆ ಸಿಗುತ್ತದೆ. ಮೂರನೆಯದು ಬಂದಾಗ ಕೈ ನಿಲ್ಲಿಸಿದರು.

“ಇದು ವಸಿ ಮೆತ್ತಗದೆ ಅಲ್ವೇನ್ಲಾ?”

ನಾನೂ ತಿರುಗಿಸಿದೆ. ಒಳಗದೆ ಎಂಬ ಮಾತು ಕಿವಿಯಲ್ಲಿದ್ದಾಗ ಯಾವ ಸಿಲಿಂಡರಾದರೂ ಮೆತ್ತಗೇ ಇರುತ್ತದೆ. ಹೌದು ಎಂದೆ.

ನಾಲ್ಕನೆಯ ದಿನ

ಮೂರನೆಯ ಸಿಲಿಂಡರು ಬಿಚ್ಚಿ ಕೆಳಗಿಳಿಸಿದೆವು. ಒಳಗೆ ಎಣ್ಣೆ ಇರಲಿಲ್ಲ. ಒಂದು ಚಮಚವೂ ಇರಲಿಲ್ಲ. ಪಿಸ್ಟನ್ನು ಮದುವೆಗೆ ಉಡುಗೊರೆ ಬಂದ ಹೊಸ ತಟ್ಟೆಯಷ್ಟು ಚೆನ್ನಾಗಿತ್ತು. ಸಾಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ರಿಂಗನ್ನಾದರೂ ತೆಗೆದು ಅಳೆಯೋಣ ಎಂದು ನನ್ನ ಕೈಗೆ ಕೊಟ್ಟರು.

ರಿಂಗು ತೆಗೆಯುವುದು ಬಳೆಗಾರನ ಕೆಲಸದಂಥದು. ಬೇಕಾದಷ್ಟೇ ಅಗಲಿಸಿ ನಯವಾಗಿ ಜಾರಿಸಬೇಕು. ಬೆಟ್ಟದ ಚಳಿಗೆ ನನ್ನ ಬೆರಳು ಮರಗಟ್ಟಿತ್ತು. ಕೂದಲೆಳೆಯಷ್ಟು ಹೆಚ್ಚು ಅಗಲಿಸಿದೆ. ಟಿಣ್ ಎಂದು ಮುರಿಯಿತು. ಸಾಬರು ಬಯ್ಯಲಿಲ್ಲ. “ತಂದಿರದು ಅದೆಯಲ್ಲ, ಆಕು” ಎಂದರು. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಸಿಲಿಂಡರಿಗೂ ಅದರ ತಲೆಗೂ ನಡುವೆ ಒಂದು ತಾಮ್ರದ ಬಳೆ ಕೂರುತ್ತದೆ. ಒಂದು ಸಲ ಅದುಮಿಸಿಕೊಂಡ ತಾಮ್ರ ಗಟ್ಟಿಯಾಗಿ ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊಸದು ನಮ್ಮ ಹತ್ತಿರ ಇರಲಿಲ್ಲ, ದೊರೆ ತನ್ನ ಕಾಗದದಲ್ಲಿ ಬರೆದಿರಲಿಲ್ಲವಲ್ಲ. ಸಾಬರು ಅದನ್ನು ಮುತ್ತಯ್ಯನ ಅಡುಗೆ ಒಲೆಯಲ್ಲಿ ಕೆಂಪಗೆ ಕಾಯಿಸಿ, ಬಕೆಟ್ಟಿನ ನೀರಿಗೆ ಹಾಕಿದರು. ಕಬ್ಬಿಣ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮದ್ದೂರಿನ ಪಾತ್ರೆ ಬಡಿಯುವವರ ಕೇರಿಯಲ್ಲಿ ಬೆಳೆದವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಮುತ್ತಯ್ಯ ತನ್ನ ಒಲೆಯಲ್ಲಿ ಬಳೆ ಬೇಯಿಸುವವರನ್ನು ಅದೇ ಮೊದಲು ನೋಡಿದ್ದ. ಆ ದಿನ ನಮ್ಮ ಮುದ್ದೆಯೂ ಅದೇ ಒಲೆಯ ಮೇಲೆ ಬೆಂದಿತು. ಅವನಿಗೆ ಒಂದು ತುತ್ತು ಕೊಟ್ಟೆವು. ಅಗಿದು, ಅಗಿದು, ಕೊನೆಗೆ ಆಚೆ ಹೋಗಿ ಬಂದ. ಮುದ್ದೆಯನ್ನು ಅಗಿಯುವವರ ಕೈಗೆ ಮುದ್ದೆ ಕೊಟ್ಟದ್ದು ನಮ್ಮ ತಪ್ಪು.

ಎಂಟನೆಯ ದಿನ

ಎಲ್ಲ ಕಟ್ಟಿ, ಇಂಜಿನ್ನು ಶುರು ಮಾಡಿ, ನಿಲ್ಲಿಸಿ, ಕೆಳಗೆ ತಟ್ಟೆ ಇಟ್ಟೆವು. ತೊಟ್ಟು, ತೊಟ್ಟು, ತೊಟ್ಟು. ಮೊದಲಿನಷ್ಟೇ. ಅದೇ ಹೊತ್ತಿಗೆ ದೊರೆ ಬಂದ. ತಟ್ಟೆ ನೋಡಿದ, ಬೆಂಚಿನ ಮೇಲಿದ್ದ ಮುರಿದ ರಿಂಗು ನೋಡಿದ. ಹೊರಗೆ ಸೋರುವ ಇಂಜಿನ್ನಿನ ಒಳಗನ್ನು ಯಾಕೆ ಬಿಚ್ಚಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕನ್ನಡದಲ್ಲಿ ಸಾಬರಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನ ಕಡೆ ನೋಡಿದರು.

“ಎಣ್ಣೆ ಒಳಗದೆ ಅಂತ ನಂಗೇ ಅನ್ನುಸ್ತು ಅಂತೇಳು.”

“ಸಾಬ್ರೆ, ಅದು ಮುತ್ತಯ್ಯ...”

“ಏಳ್ದಷ್ಟು ಏಳ್ಲಾ.”

ಹೇಳಿದೆ. ದೊರೆ ಸಿಟ್ಟು ಮಾಡಲಿಲ್ಲ. ಹದಿಮೂರನೆಯ ದಿನ ತಾನು ಹಾರಬೇಕು, ಅಷ್ಟರೊಳಗೆ ನಿಲ್ಲದಿದ್ದರೆ ಕೊಲಂಬೊದವರನ್ನು ಕರೆಸುತ್ತೇನೆ, ರುಜು ಅವರದೇ ಆಗುತ್ತದೆ ಎಂದು ಹೇಳಿ ಹೋದ. ಸಾಬರು ಡಬ್ಬದ ಮೇಲೆ ಕೂತು ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮಧ್ಯಾಹ್ನ ಮಳೆ ಹಿಡಿಯಿತು. ಶೆಡ್ಡಿನ ತಗಡಿನಿಂದ ನೀರು ಸರಿಯಾಗಿ ನನ್ನ ಹಾಸಿಗೆಯ ಮೇಲೆ ಬೀಳತೊಡಗಿತು. ಮುತ್ತಯ್ಯ ಓಡಿ ಬಂದು, ಹಾಸಿಗೆ ಎಳೆದು, ಅಲ್ಲಿ ಒಂದು ಮಡಕೆ ಇಟ್ಟ. ಮೇಲೆ ತೋರಿಸಿ, ಬೇಸರದಿಂದ ಹೇಳಿದ.

“ಒಳುಗುದು.”

ನಾನು ನಿಂತಲ್ಲೇ ನಿಂತೆ. ಮಡಕೆ ನೋಡಿದೆ, ಮಾಡು ನೋಡಿದೆ. ಇಲ್ಲಿ ಒಳಗೆ ಏನಿದೆ? ಕೈಸನ್ನೆ ಮಾಡಿ, ನೀರು ಬೀಳುವುದನ್ನು ತೋರಿಸಿ, ಏನಂದೆ ಎಂದು ಕೇಳಿದೆ. ಒಳುಗುದು, ಎಂದ. ಎಣ್ಣೆಯ ತಟ್ಟೆ ತೋರಿಸಿದೆ. ಅದೂ ಒಳುಗುದು. ಕಿವುಡನಿಗೆ ಹೇಳುವವನಂತೆ ಬಿಡಿಬಿಡಿಯಾಗಿ ಹೇಳಿದ. ತಮಿಳಿನಲ್ಲಿ ಅದರ ಅರ್ಥ ಸೋರುತ್ತದೆ, ಅಷ್ಟೆ. ಮೂರು ತಿಂಗಳಿಂದ ತಟ್ಟೆ ಚೆಲ್ಲಿದ ಮನುಷ್ಯ, ಎಣ್ಣೆ ಸೋರುತ್ತದೆ ಎಂದು ಕಣ್ಣಿಗೆ ಕಾಣುವುದನ್ನೇ ಹೇಳಿದ್ದ. ಒಳಗೆ ಎನ್ನುವುದಕ್ಕೆ ತಮಿಳಿನಲ್ಲಿ ಉಳ್ಳೆ ಎನ್ನುತ್ತಾರೆ ಎಂದು ನನಗೆ ಕಾಫಿ ಹೋಟೆಲಿನ ಕಾಲದಿಂದ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದಾಗ ಬರಲಿಲ್ಲ. ನನ್ನ ಕಿವಿಗೆ ಊರಿನ ಮಾತು ಬೇಕಾಗಿತ್ತು, ಅದನ್ನೇ ಕೇಳಿಸಿಕೊಂಡಿತು.

ಸಾಬರಿಗೆ ಹೇಳದಿದ್ದರೂ ನಡೆಯುತ್ತಿತ್ತು. ಅವರಿಗೆ ಯಾರೂ ಹೇಳುತ್ತಿರಲಿಲ್ಲ. ಆದರೆ ಬೆಳಗ್ಗೆ ಅವರು ನನ್ನ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡದ್ದು ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ.

“ನಿಂಗೆ ತಮಿಳು ಬರಕಿಲ್ಲ ಅಂತ ಧನುಸ್ಕೋಟಿಲೇ ಗೊತ್ತಾಯ್ತು ಕಣ್ಲಾ” ಎಂದರು.

“ಮತ್ಯಾಕ್ ನಂಬುದ್ರಿ ಸಾಬ್ರೆ?”

“ಪಿಸ್ಟನ್ನ ಅಷ್ಟ್ ದೂರ ಒತ್ಕೊಂಡ್ ಬಂದಿದ್ನಲ್ಲ. ಒಳಗದೆ ಅಂತ ಯಾರಾದ್ರೂ ಅನ್ಲಿ ಅಂತ ನಂಗೂ ಆಸೆ ಇತ್ತು.” ಕೈ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು, “ರಾಗಿ ವಲದಾಗ್ ಬಿದ್ದುದ್ದೂ ಇಂಗೆ ಯಾವ್ದೋ ಆತ್ರದಲ್ಲೇ ಇರ್ಬೇಕು” ಎಂದರು. ಆ ವಿಮಾನದ ಬಗ್ಗೆ ಅವರು ತಾವಾಗಿ ಮಾತೆತ್ತಿದ್ದು ಅದೇ ಮೊದಲು.

ಅಷ್ಟರಲ್ಲಿ ಮಳೆ ನಿಂತಿತು. ಮುತ್ತಯ್ಯ ಏಣಿ ಹಾಕಿ, ಟಾರಿನ ಡಬ್ಬ ಹಿಡಿದು ಮಾಡು ಹತ್ತಿದ. ಮಡಕೆಯ ನೇರಕ್ಕೆ ಹಚ್ಚುತ್ತಾನೆ ಎಂದು ನೋಡುತ್ತಿದ್ದೆ. ಅವನು ಅಲ್ಲಿ ನಿಲ್ಲದೆ, ಇನ್ನೂ ನಾಲ್ಕು ಮಾರು ಮೇಲಕ್ಕೆ ಹೋಗಿ, ಒಂದು ಮೊಳೆಯ ಬುಡಕ್ಕೆ ಟಾರು ಬಳಿದ. ನೀರು ಅಲ್ಲಿ ನುಗ್ಗಿ, ತಗಡಿನ ಅಡಿಯಲ್ಲೇ ಹರಿದು, ಇಲ್ಲಿ ಬಂದು ಬೀಳುತ್ತಿತ್ತು.

ಒದ್ದೆ ಇರೋ ತಾವ ತೂತಿರಕಿಲ್ಲ.

ಹನಕೆರೆ ಸ್ಟೇಷನ್ನು, ರಾಗಿಹಿಟ್ಟಿನ ಚೀಲ, ಅಪ್ಪ ಎಲ್ಲ ಕಣ್ಣೆದುರು ಬಂತು. “ಸಾಬ್ರೆ, ನಾವು ಇಷ್ಟ್ ದಿನ ಕೆಳಗೇ ನೋಡ್ತಾ ಇದ್ದೀವಿ” ಎಂದೆ.

ಹತ್ತನೆಯ ದಿನ

ಇಂಜಿನ್ನನ್ನು ಪೆಟ್ರೋಲಿನಿಂದ ತೊಳೆದು ಒಣಗಿಸಿದೆವು. ಅದರ ಮೇಲೆ ಬಿಳಿ ಪುಡಿ ಬಳಿದು ಓಡಿಸಿದರೆ ಎಣ್ಣೆ ಎಲ್ಲಿಂದ ಹೊರಟಿತು ಎಂದು ಗೆರೆ ಕಾಣುತ್ತದೆ. ಪುಡಿ ಎಲ್ಲಿ? ನಮ್ಮ ಹತ್ತಿರ ಇದ್ದದ್ದು ರಾಗಿಹಿಟ್ಟು. ಕರಿ ಎಣ್ಣೆಯ ಮೇಲೆ ರಾಗಿಹಿಟ್ಟು ಹಾಕಿದರೆ ಏನು ಕಾಣಬೇಕು? ಮುತ್ತಯ್ಯನ ಹತ್ತಿರ ಅಕ್ಕಿಹಿಟ್ಟು ಕೇಳಿದೆ. ರೇಷನ್ನಿನ ಕಾಲ. ಮನುಷ್ಯರಿಗಿಲ್ಲದ ಅಕ್ಕಿ ಮಿಷನ್ನಿಗೆ ಯಾಕೆ ಎಂಬಂತೆ ನೋಡಿದ. ಏನು ಬೇಕು, ಯಾಕೆ ಬೇಕು ಎಂದು ಈ ಸಲ ಬಾಯಿ ಬಳಸದೆ ಕೈಯಿಂದಲೇ ವಿವರಿಸಿದೆ. ಅವನು ಯೋಚಿಸಿ, ತನ್ನ ಸೊಂಟದ ಚೀಲ ಬಿಚ್ಚಿದ. ವಿಭೂತಿ.

ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಅವನೇ ಇಂಜಿನ್ನಿಗೆ ಹಚ್ಚಿದ. ಬೇರೆ ಥರ ಹಚ್ಚಲು ಅವನ ಕೈಗೆ ಬರುತ್ತಿರಲಿಲ್ಲ. ಸಿಲಿಂಡರು ಸಿಲಿಂಡರಿಗೂ ಮೂರು ಮೂರು ಪಟ್ಟೆ, ನಡುವಿನ ಸಂದು ನಾನು ತುಂಬಿದೆ. ಒಣಗಿದ ಮೇಲೆ ಇಂಜಿನ್ನು ಶಿವರಾತ್ರಿಯ ಸ್ವಾಮಿಯ ಹಾಗೆ ಕೂತಿತ್ತು. ನಾನು ಸ್ವಿಚ್ಚು ಆಫ್ ಮಾಡಿಸಿ ಪಂಖವನ್ನು ನಾಲ್ಕು ಸುತ್ತು ತಿರುಗಿಸಿದೆ. ಸಾಬರು ಬಿಸ್ಮಿಲ್ಲಾ ಎಂದು ಸ್ವಿಚ್ಚು ಹಾಕಿದರು. ಐದು ನಿಮಿಷ ಓಡಿಸಿ ನಿಲ್ಲಿಸಿದೆವು.

ಗಾಳಿಗೆ ಹಾರಿಹೋಗಿ ಉಳಿದ ಬಿಳುಪಿನ ಮೇಲೆ ಒಂದೇ ಒಂದು ಕಪ್ಪು ಗೆರೆ ಇತ್ತು. ಕೆಳಗಿನ ತಟ್ಟೆಯಿಂದ ಅದನ್ನು ಹಿಡಿದುಕೊಂಡು ಮೇಲೆ ಹೋದೆವು. ಮೂರನೆಯ ಸಿಲಿಂಡರಿನ ಬೆನ್ನು, ಅದರ ಮೇಲೆ, ಇನ್ನೂ ಮೇಲೆ, ಎಲ್ಲಕ್ಕಿಂತ ಮೇಲಿನ ಮುಚ್ಚಳದ ಹಿಂದುಗಡೆ, ಕೈಗೆ ಸಿಗದ ಮೂಲೆಯಲ್ಲಿ ಒಂದು ನಟ್ಟು ಸಡಿಲವಾಗಿತ್ತು. ಅದರ ಅಡಿಯ ಗ್ಯಾಸ್ಕೆಟ್ಟಿನ ಕಾಗದ ಬೆರಳಗಲ ಹರಿದಿತ್ತು. ಇಷ್ಟೆ.

ಸಾಬರು ಮುಚ್ಚಳ ಬಿಚ್ಚಿ, ಹೊಸ ಕಾಗದವನ್ನು ಅದರ ಮೇಲೆಯೇ ಇಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿಗೆ ತಟ್ಟಿ ತಟ್ಟಿ ಕತ್ತರಿಸಿಕೊಂಡರು. ನಟ್ಟುಗಳನ್ನು ಒಂದು ಈ ಕಡೆ, ಒಂದು ಆ ಕಡೆ ಸ್ವಲ್ಪ ಸ್ವಲ್ಪವಾಗಿ ಬಿಗಿದರು. ಎಲ್ಲ ಆದ ಮೇಲೆ ಪ್ರತಿಯೊಂದಕ್ಕೂ ಮತ್ತೆ ಸ್ಪ್ಯಾನರು ಹಾಕಿದರು. ಮತ್ತೆ ಹಾಕಿದರು. ಮಾರನೆಯ ದಿನ ಎದ್ದ ಕೂಡಲೆ ಇನ್ನೊಮ್ಮೆ. ಹೊಸ ರಿಂಗು ಒಗ್ಗಲಿ ಎಂದು ಎರಡು ದಿನ ನೆಲದ ಮೇಲೆಯೇ ಇಂಜಿನ್ನು ಓಡಿಸಿದೆವು. ತಟ್ಟೆ ಒಣಗಿತ್ತು.

ಹದಿಮೂರನೆಯ ದಿನ

ದೊರೆ ಪುಸ್ತಕ ತೆರೆದು, ಪೆನ್ನು ಕೊಟ್ಟ. ಸಾಬರು ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡು, ಕಾಗದಕ್ಕೆ ಬೆರಳು ತಗಲದಂತೆ, ಕನ್ನಡದಲ್ಲಿ ನಿಧಾನವಾಗಿ ಬರೆದರು. ಖಾದರ್, ಮದ್ದೂರು. ಎರಡನೆಯ ಮಾತು ಏನು ಎಂದು ದೊರೆ ಕೇಳಿದ. ಊರು ಎಂದೆ. ಊರು ಯಾಕೆ ಎಂದ. ಸಾಬರಿಗೆ ಕೇಳಿದೆ.

“ಅಲ್ಲಿಗೂ ಗೊತ್ತಾಗ್ಲಿ” ಎಂದರು.

ದೊರೆಯ ಹಳೆಯ ಚರ್ಮದ ಟೋಪಿ ಸಾಬರ ತಲೆಗೆ ದೊಡ್ಡದಾಗಿತ್ತು. ಮುಂದಿನ ಸೀಟಿನಲ್ಲಿ ಕೂತು, ಜೇಬಿನಿಂದ ಒಂದು ಬಿಳಿ ಕರ್ಚೀಫು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಣ್ಣಿಗೆ ಎಣ್ಣೆ ಎರಚಿದರೆ ಒರೆಸಿಕೊಳ್ಳಲು ಎಂದು ನನಗೆ ಅರ್ಥವಾಯಿತು. ಪಂಖ ತಿರುಗಿಸಿದವನು ನಾನೇ. ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸಿ, ಎದ್ದು, ಮಂಜಿನೊಳಗೆ ಹೋಯಿತು.

ನನಗೆ ಹೆದರಿಕೆಯಾಯಿತು. ಅದನ್ನು ಬೇರೆ ಥರ ಹೇಳುವುದಕ್ಕೆ ಬರುವುದಿಲ್ಲ. ಕೂರಿಸಿದ ರಿಂಗು ನನ್ನ ಕೈಯದು, ರುಜು ಅವರದು. ಸದ್ದು ಕೇಳುತ್ತಿರುವವರೆಗೂ ಪರವಾಗಿರಲಿಲ್ಲ, ಬೆಟ್ಟದ ಆಚೆಗೆ ಅದೂ ನಿಂತಿತು. ಮುತ್ತಯ್ಯ ಪಕ್ಕದಲ್ಲಿ ನಿಂತು ತನ್ನ ಚೀಲದಿಂದ ವಿಭೂತಿ ತೆಗೆದು ನನ್ನ ಹಣೆಗೂ ಹಚ್ಚಿದ. ಇಂಜಿನ್ನಿಗೆ ಹಚ್ಚಿ ಉಳಿದದ್ದು.

ಅರ್ಧ ಗಂಟೆಯ ಮೇಲೆ ಬಂದರು. ಸಾಬರು ಇಳಿದು, ನೇರ ಇಂಜಿನ್ನಿನ ಕೆಳಗೆ ಹೋಗಿ ಬಗ್ಗಿ ಕರ್ಚೀಫಿನಿಂದ ಹೊದಿಕೆ ಒರೆಸಿದರು. ಬಿಡಿಸಿ ನೋಡಿದರು. ಮೆಣಸಿನ ಕಾಳಿನಷ್ಟು ಒಂದು ಕಲೆ. ಅವರ ಮುಖ ಸಣ್ಣದಾಯಿತು. ದೊರೆ ಅದನ್ನು ನೋಡಿ ನಗುತ್ತ, ಈ ಜಾತಿಯ ಇಂಜಿನ್ನಿನಲ್ಲಿ ಇಷ್ಟೂ ಇಲ್ಲದಿದ್ದರೆ ನೀವು ಎಣ್ಣೆ ಹಾಕುವುದನ್ನೇ ಮರೆತಿದ್ದೀರಿ ಎನ್ನುತ್ತಿದ್ದೆ ಎಂದ. ನಾನು ಕನ್ನಡದಲ್ಲಿ ಹೇಳಿದೆ. ಸಾಬರು ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು.

“ಸರ್ಯಾಗ್ ಕೇಳಿಸ್ಕೊಂಡ್ಯಾ?”

“ಇದು ಇಂಗ್ಲಿಷು ಸಾಬ್ರೆ. ಸರ್ಯಾಗೇ ಕೇಳಿಸ್ಕೊಂಡೆ.”

ಮತ್ತೆ ಮದ್ದೂರು

ಹಿಂತಿರುಗುವಾಗ ಪಿಸ್ಟನ್ನು ನಮ್ಮ ಜೊತೆ ಇರಲಿಲ್ಲ, ದೊರೆ ಇಟ್ಟುಕೊಂಡ. ಮದ್ದೂರಿನಲ್ಲಿ ಸಾಬರು ಇಳಿದರು, ನಾನು ಹನಕೆರೆಗೆ ಹೋದೆ. ಅಪ್ಪ ಕಾಲುವೆಯ ಮೇಲಿದ್ದ.

“ಎಲ್ಲಿತ್ಲಾ ತೂತು?”

“ಮ್ಯಾಲೆ ಇತ್ತು ಕಣಪ್ಪ.”

“ಕಾಗ್ದ ಬರಿ ಅಂದಿದ್ನಲ್ಲ” ಎಂದು ಗುದ್ದಲಿ ಹೆಗಲಿಗೇರಿಸಿಕೊಂಡು ಹೋದ.

ಮಾರನೆಯ ದಿನ ಕೆಲಸಕ್ಕೆ ಬಂದಾಗ ಸಾಬರು ಪುಟ್ಟೇಗೌಡನ ಅಂಗಡಿಯ ಬೆಂಚಿನಲ್ಲಿದ್ದರು. ಸುತ್ತ ಹತ್ತು ಜನ. ಮಳವಳ್ಳಿ ಬಸ್ಸು ಹೊರಡಬೇಕಾಗಿತ್ತು, ಡ್ರೈವರೂ ಅಲ್ಲೇ ಇದ್ದ.

“ಮ್ಯಾಲಿಂದ ಏನೇನ್ ಕಾಣ್ತು ಸಾಬ್ರೆ?” ಎಂದ ಪುಟ್ಟೇಗೌಡ. “ಸಮುದ್ರ ಕಾಣ್ತಾ? ಲಂಕೆಲಿ ರಾವಣನ್ ಕೋಟೆ ಅದಂತಲ್ಲ, ಅದು ಕಾಣ್ತಾ?”

“ನಂಗೇನ್ ಗೊತ್ತು?”

“ಅಲ್ಲ, ಅಷ್ಟ್ ಎತ್ತರ ಓಗಿ ಅರ್ಧ ಗಂಟೆ ಏನೂ ನೋಡ್ನಿಲ್ವಾ?”

“ನೋಡ್ದೆ. ಇಂಜಿನ್ನ ನೋಡ್ದೆ.” ಸಾಬರು ಜೇಬಿನಿಂದ ಕರ್ಚೀಫು ತೆಗೆದು ಬೆಂಚಿನ ಮೇಲೆ ಹರಡಿದರು. ಒಗೆದಿರಲಿಲ್ಲ. “ಸೋರ್ಲಿಲ್ಲ” ಎಂದರು.

ಎಲ್ಲರೂ ಬಗ್ಗಿ ಆ ಮೆಣಸಿನ ಕಾಳಿನಷ್ಟು ಕಲೆಯನ್ನು ನೋಡಿದರು. ಡ್ರೈವರು ಮುಟ್ಟಲು ಹೋದ, ಸಾಬರು ಕೈ ತಳ್ಳಿದರು. ಪುಟ್ಟೇಗೌಡ ಒಳಕ್ಕೆ ತಿರುಗಿ ಕೂಗಿದ.

“ಸಾಬ್ರಿಗೊಂದ್ ಟೀ ಕೊಡ್ಲಾ.”

ಲೋಟದ ಮಾತು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಸಾಬರು ಟೀ ಪೂರ್ತಿ ಕುಡಿದರು.